ಕಣ ಗುಡಿಸಿದ ಮೇಲೆ ಬಂದ ನಾಯಿ: ಹಾಸನದ ಎಸ್‌ಪಿ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ನಮಸ್ಕಾರ ಸರ್. ಬಹಿರಂಗ ಪತ್ರ ಅಂದಕೂಡಲೇ ಇಲಾಖೆ ಮೇಲೆ ದೂರು ಇರಬೇಕು ಅಂದುಕೊಳ್ಳುತ್ತೀರಿ. ದೂರು ಇದೆ, ಆದರೆ ನಮ್ಮ ಮೇಲೆಯೇ. ಕೊನೆಯಲ್ಲಿ ನಿಮಗೊಂದು ಕೋರಿಕೆಯೂ ಇದೆ.

ಹೋದ ವರ್ಷ ಮೆಣಸು ಕೊಯ್ಲಿನ ಹೊತ್ತಿಗೆ ಸಕಲೇಶಪುರ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ತೋಟದಲ್ಲಿ ಕಳ್ಳತನ ಆಯಿತು. ಒಣಗಿಸಿ ಕಟ್ಟಿಟ್ಟಿದ್ದ ಆರು ಚೀಲ ಮೆಣಸು. ಕಣದ ಪಕ್ಕದ ಗೋಡೌನಿನ ಬೀಗ ಒಡೆದು ಹೊತ್ತುಕೊಂಡು ಹೋಗಿದ್ದರು. ಬೆಳಿಗ್ಗೆ ಮೊದಲು ಬಂದದ್ದು ಕೆಲಸದ ಅಕ್ಕ. ದಿನದಂತೆ ಪೊರಕೆ ಹಿಡಿದು ಕಣ ಪೂರ್ತಿ ಗುಡಿಸಿದರು. ಗೋಡೌನ್ ಬಾಗಿಲು ತೆರೆದಿರುವುದು ಅವರ ಕಣ್ಣಿಗೆ ಬಿದ್ದದ್ದು ಗುಡಿಸಿ ಸೊಂಟ ನೆಟ್ಟಗೆ ಮಾಡಿಕೊಂಡ ಮೇಲೆ!

ಆಮೇಲೆ ಚಿಕ್ಕಪ್ಪ ಓಡಿಬಂದರು. ಒಡೆದ ಬೀಗ ಎತ್ತಿ ತಿರುಗಿಸಿ ತಿರುಗಿಸಿ ನೋಡಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ತೋಟದ ಲೆಕ್ಕ ನೋಡುವ ರೈಟರ್ ಬಂದರು, ಪಕ್ಕದ ತೋಟದವರು ಬಂದರು. ಅರ್ಧ ಗಂಟೆಯಲ್ಲಿ ಮೂವತ್ತು ಜನ. ಎಲ್ಲರೂ ಒಬ್ಬೊಬ್ಬರಾಗಿ ಗೋಡೌನ್ ಒಳಗೆ ಹೋಗಿ, ಚೀಲ ಇದ್ದ ಜಾಗ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ ಬಂದರು. ನಾನೂ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ.

ಶ್ವಾನದಳ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಹಾಸನದಿಂದ ಸಕಲೇಶಪುರಕ್ಕೇ ಸುಮಾರು 40 ಕಿಲೋಮೀಟರ್. ಅಲ್ಲಿಂದ ಮುಂದೆ ನಮ್ಮ ತೋಟದ ರಸ್ತೆ ಹೇಗಿದೆ ಅಂತ ಕೇಳಬೇಡಿ. ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವ ಪೊಲೀಸರು, ಮೊದಲು ಅದನ್ನು ನೆರಳಲ್ಲಿ ನಿಲ್ಲಿಸಿ ನೀರು ಕುಡಿಸಿದರು. ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ‘ಬೇಗ ಬಿಡ್ರೀ ಸಾರ್’ ಅಂತ ನಮ್ಮಲ್ಲೊಬ್ಬರು ಅವಸರ ಮಾಡಿದರು. ಹ್ಯಾಂಡ್ಲರ್ ಜಗ್ಗಲಿಲ್ಲ. ಏದುಸಿರು ಬಿಡುವ ನಾಯಿಗೆ ಸರಿಯಾಗಿ ಮೂಸಲು ಆಗುವುದಿಲ್ಲ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ, ನಾಲಿಗೆ ಚಾಚಿ ಉಸಿರಾಡಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಆ ಕೆಲಸ ನಡೆಯುವಾಗ ಮೂಗಿನ ಕೆಲಸ ಹಿಂದೆ ಬೀಳುತ್ತದೆ.

ನಾಯಿ ಸುಧಾರಿಸಿಕೊಂಡ ಮೇಲೆ ಉದ್ದ ಹಗ್ಗ ಕಟ್ಟಿ, ಕಳ್ಳರು ಮುಟ್ಟಿದ ವಸ್ತು ಏನಾದರೂ ಇದೆಯಾ ಅಂತ ಕೇಳಿದರು. ಚಿಕ್ಕಪ್ಪ ಜೇಬಿನಿಂದ ಬೀಗ ತೆಗೆದುಕೊಟ್ಟರು. ಹ್ಯಾಂಡ್ಲರ್ ಮುಖ ಸಣ್ಣದಾಯಿತು. ಆದರೂ ಮೂಸಿಸಿದರು, ಬೇರೆ ಏನೂ ಉಳಿದಿರಲಿಲ್ಲ. ನಾಯಿ ಕಣದಲ್ಲಿ ಒಂದು ಸುತ್ತು ಹಾಕಿತು, ಗೋಡೌನ್ ಹೊಕ್ಕು ಹೊರಗೆ ಬಂತು, ನೆಲ ಮೂಸುತ್ತಾ ನೇರವಾಗಿ ಚಿಕ್ಕಪ್ಪನ ಮುಂದೆ ಬಂದು ನಿಂತು ಬೊಗಳಿತು.

ಊರಿಗೆ ಊರೇ ನಕ್ಕಿತು. ಚಿಕ್ಕಪ್ಪನ ಮುಖ ಕೆಂಪಗಾಯಿತು. ಹ್ಯಾಂಡ್ಲರ್ ಮಾತ್ರ ನಾಯಿಯ ಕತ್ತು ಸವರಿ, ಅದಕ್ಕೆ ಕೊಡಬೇಕಾದ ಶಾಬಾಸ್ ಕೊಟ್ಟು ಹೇಳಿದರು: ‘ಗೌಡ್ರೇ, ನಾಯಿ ತಪ್ಪು ಮಾಡಿಲ್ಲ. ನೀವು ಕೊಟ್ಟಿದ್ದು ನಿಮ್ಮ ವಾಸನೆ, ಅದು ನಿಮ್ಮನ್ನೇ ಹುಡುಕಿಕೊಟ್ಟಿತು.’

ಸರ್, ಆ ನಾಯಿ ಅವತ್ತು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಕೆಡಿಸಿದ್ದು ನಾವು.

ಹ್ಯಾಂಡ್ಲರ್ ಜೊತೆ ಕಾಫಿ ಕುಡಿಯುತ್ತಾ ಮಾತಾಡಿದಾಗ ಅವರ ಕೆಲಸ ಎಂಥದ್ದು ಅಂತ ಸ್ವಲ್ಪ ಅರ್ಥವಾಯಿತು. ನಾಯಿ ಇನ್ನೂ ಮರಿ ಇರುವಾಗಲೇ ಜೊತೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ತಿಂಗಳುಗಟ್ಟಲೆ ತರಬೇತಿ. ಮೊದಲು ಕೂರು, ನಿಲ್ಲು, ಜೊತೆಗೆ ನಡಿ. ಆಮೇಲೆ ಮೂಗಿನ ಪಾಠ. ಕಳ್ಳರನ್ನು ಹುಡುಕುವ ನಾಯಿ ಬೇರೆ, ಸ್ಫೋಟಕ ಹುಡುಕುವ ನಾಯಿ ಬೇರೆ. ಹಾಸನಾಂಬೆಯ ಜಾತ್ರೆಯಲ್ಲಿ ಸಾಲಿನ ಪಕ್ಕ ಮೂಸುತ್ತಾ ಹೋಗುವುದನ್ನು ನಾವೆಲ್ಲ ನೋಡುತ್ತೇವಲ್ಲ, ಅದು ಸ್ಫೋಟಕದ ನಾಯಿ. ಅದಕ್ಕೆ ಬೊಗಳುವುದನ್ನು ಕಲಿಸುವುದಿಲ್ಲ, ವಾಸನೆ ಸಿಕ್ಕರೆ ಸುಮ್ನೆ ಕೂತುಬಿಡಬೇಕು. ಬಾಂಬಿನ ಪಕ್ಕ ಕುಣಿದಾಡಿದರೆ ಕಷ್ಟ ಅಲ್ವಾ. ಇಷ್ಟೆಲ್ಲ ನಾಯಿಗೆ ಒಂದು ಆಟ. ಹುಡುಕಿದರೆ ಚೆಂಡು ಸಿಗುತ್ತದೆ, ಅಷ್ಟೇ. ಆ ಆಟ ಆಡಿಸುವವರು ಬದಲಾದರೆ ನಾಯಿಗೂ ಮಂಕು ಕವಿಯುತ್ತದೆ ಅಂದರು. ಹ್ಯಾಂಡ್ಲರ್‌ಗಳನ್ನು ನಡುವಲ್ಲಿ ಬೇರೆ ಕೆಲಸಕ್ಕೆ ಹಾಕಬೇಡಿ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಜಾಡು ಸರಿಯಾಗಿ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2020ರಲ್ಲಿ ದಾವಣಗೆರೆ ಶ್ವಾನದಳದ ತುಂಗಾ ಅನ್ನುವ ನಾಯಿ 10 ಕಿಲೋಮೀಟರ್‌ಗೂ ಜಾಸ್ತಿ ಓಡಿ ಕೊಲೆ ಆರೋಪಿಯ ಸುಳಿವು ಕೊಟ್ಟಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಮಲೆನಾಡಿನ ನೆಲ ಇದಕ್ಕೆ ಒಳ್ಳೆಯ ನೆಲ. ತಂಪು, ತೇವ, ಹುಲ್ಲು, ತರಗೆಲೆ ಇದ್ದಲ್ಲಿ ವಾಸನೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಸಿಲಿಗೆ ಕಾದ ಸಿಮೆಂಟ್ ಕಣದಲ್ಲಿ ನಿಲ್ಲುವುದಿಲ್ಲ. ಅಂದರೆ ಕಣದಿಂದ ಆಚೆ ತೋಟದೊಳಗೆ ಇಳಿಯುವ ಕಾಲುದಾರಿಯನ್ನಾದರೂ ನಾವು ತುಳಿಯದೆ ಬಿಟ್ಟಿದ್ದರೆ ಅವತ್ತು ಏನೋ ಸಿಗುತ್ತಿತ್ತು.

ಇನ್ನೊಂದು ಮಾತು, ಇದು ನನ್ನನ್ನು ಜಾಸ್ತಿ ಕಾಡಿದ್ದು. ಎರಡನೇ ಸಲ ಬಿಟ್ಟಾಗ ನಾಯಿ ತೋಟದ ಕೆಲಸಗಾರರು ಇರುವ ಲೈನ್ ಮನೆಗಳ ಮುಂದೆ ಹಾದು ಹೋಯಿತು. ನಿಲ್ಲಲಿಲ್ಲ, ಬೊಗಳಲಿಲ್ಲ, ಸುಮ್ನೆ ಹಾದು ಹೋಯಿತು. ಅಷ್ಟಕ್ಕೇ ಜನ ಶುರು ಮಾಡಿದರು: ‘ನೋಡಿ, ಆ ಕಡೆಯೇ ಹೋಯ್ತು.’ ಹೊರಗಿನಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗನ ಕಡೆ ಬೆರಳು ತಿರುಗಿತು. ಅವನ ತಪ್ಪೇನೂ ಸಿಗಲಿಲ್ಲ. ಆದರೂ ವಾರದಲ್ಲಿ ಅವನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರು ಬಿಟ್ಟ. ನಾಯಿ ತೋರಿಸಿತು ಅನ್ನುವುದೊಂದನ್ನೇ ನಂಬಿ ಕೋರ್ಟ್ ಶಿಕ್ಷೆ ಕೊಡುವುದಿಲ್ಲ. ನಾಯಿಯನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಮಾಡಲಾಗುವುದಿಲ್ಲ, ಅದರ ಪರವಾಗಿ ಹ್ಯಾಂಡ್ಲರೇ ಹೇಳಬೇಕು ಎಂಬ ತೊಡಕನ್ನು ಸುಪ್ರೀಂ ಕೋರ್ಟ್ 2001ರ ಒಂದು ತೀರ್ಪಿನಲ್ಲಿ ಚರ್ಚಿಸಿದೆ. ನಾಯಿ ದಾರಿ ತೋರಿಸುತ್ತದೆ, ಪುರಾವೆಯನ್ನು ಪೊಲೀಸರೇ ಹುಡುಕಬೇಕು. ಕೋರ್ಟಿಗೆ ಇರುವ ಈ ತಾಳ್ಮೆ ನಮ್ಮ ಕಣದಲ್ಲಿ ನಿಂತ ಮೂವತ್ತು ಜನಕ್ಕೆ ಇರಲಿಲ್ಲ.

ಹಾಗಾಗಿ ಕೋರಿಕೆ ಇಷ್ಟೇ. ಹಳ್ಳಿಗಳಲ್ಲಿ ನಿಮ್ಮ ಬೀಟ್ ಸಭೆಗಳು ನಡೆಯುತ್ತವೆ. ಕಾಫಿ, ಮೆಣಸಿನ ಕೊಯ್ಲು ಶುರುವಾಗುವ ಮೊದಲು ಸಕಲೇಶಪುರ, ಆಲೂರು, ಬೇಲೂರು ಕಡೆಯ ಒಂದೆರಡು ಸಭೆಗಳಿಗೆ ಹ್ಯಾಂಡ್ಲರ್ ಮತ್ತು ನಾಯಿಯನ್ನು ಕಳಿಸಿಕೊಡಿ. ಭಾಷಣ ಬೇಡ. ನಮ್ಮಲ್ಲೇ ಒಬ್ಬನನ್ನು ತೋಟದಲ್ಲಿ ಬಚ್ಚಿಟ್ಟು, ತುಳಿಯದ ಜಾಗದಲ್ಲಿ ಒಮ್ಮೆ, ಮೂವತ್ತು ಜನ ತುಳಿದ ಜಾಗದಲ್ಲಿ ಒಮ್ಮೆ ನಾಯಿಯನ್ನು ಬಿಡಲಿ. ವ್ಯತ್ಯಾಸವನ್ನು ಜನ ಕಣ್ಣಲ್ಲೇ ನೋಡಲಿ. ಕಳ್ಳತನ ಆಯ್ತು ಅಂತ 112ಕ್ಕೆ ಫೋನ್ ಮಾಡಿದವರಿಗೆ ‘ಏನೂ ಮುಟ್ಟಬೇಡಿ, ಗುಡಿಸಬೇಡಿ, ಯಾರನ್ನೂ ಒಳಗೆ ಬಿಡಬೇಡಿ’ ಅಂತ ಆಗಲೇ ಎರಡು ಮಾತು ಹೇಳುವ ಏರ್ಪಾಡು ಆದರೆ ಇನ್ನೂ ಒಳ್ಳೆಯದು.

ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನವರೂ ಸಭೆಗೆ ಬಂದರೆ ನಮ್ಮ ತೋಟದ ನಾಯಿಗಳ ಉಣ್ಣಿ ಕಾಟಕ್ಕೂ ಏನಾದರೂ ಕೇಳಿಕೊಳ್ಳಬಹುದು. ಇದು ನನ್ನ ಸ್ವಾರ್ಥ.

ಜಾಗದ ಚಿಂತೆ ನಿಮಗೆ ಬೇಡ. ಚಿಕ್ಕಪ್ಪ ತಮ್ಮ ಕಣವನ್ನೇ ಬಿಟ್ಟುಕೊಡುತ್ತಾರಂತೆ. ಅವತ್ತೊಂದು ದಿನ ಪೊರಕೆ ಮುಟ್ಟುವುದಿಲ್ಲ ಅಂತ ಅಕ್ಕನೂ ಒಪ್ಪಿದ್ದಾರೆ.

ಇಂತಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಬೆಳೆಗಾರ