ಸೊನ್ನೆ ಬಿದ್ದರೆ ಹದಿನೆಂಟು ಗುಂಟೆ ಮಾಯ

ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಸೈಬರ್ ಅಂಗಡಿ ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಊರವರ ಆನ್‌ಲೈನ್ ಅರ್ಜಿ ತುಂಬುವುದೇ ಕೆಲಸ. ಹೆಸರು, ವಿಳಾಸ ಹೇಗೋ ಆಗುತ್ತೆ, ಅಂಕಿ ಹಾಕುವ ಬಾಕ್ಸ್ ಬಂತು ಅಂದ್ರೆ ತಲೆನೋವು ಶುರು.

ಕಳೆದ ತಿಂಗಳು ಒಬ್ಬರು ಹಿರಿಯರು ಪಹಣಿ ಹಿಡಿದುಕೊಂಡು ಬಂದರು. ತೆಂಗಿನ ತೋಟಕ್ಕೆ ಹನಿ ನೀರಾವರಿ ಸಬ್ಸಿಡಿ ಬೇಕಿತ್ತು. ಜಮೀನು ಒಂದು ಎಕರೆ ಇಪ್ಪತ್ತು ಗುಂಟೆ. ಪಹಣಿಯಲ್ಲಿ ಇದ್ದ ಹಾಗೇ 1.20 ಅಂತ ಒತ್ತಿದೆ. ಪಕ್ಕದ ಬಾಕ್ಸಿಗೆ ಹೋಗುವಷ್ಟರಲ್ಲಿ ಅದು 1.2 ಆಗಿ ಕೂತಿತ್ತು. ಮತ್ತೆ ಒತ್ತಿದೆ, ಮತ್ತೆ ಸೊನ್ನೆ ನುಂಗಿತು. ಹೊರಗೆ ನಾಲ್ಕು ಜನ ಕಾಯ್ತಾ ಇದ್ದರು, ಇರಲಿ ಬಿಡು ಅಂತ ಸಲ್ಲಿಸಿ ಪ್ರಿಂಟ್ ಕೊಟ್ಟುಬಿಟ್ಟೆ. ನನ್ನ ತಪ್ಪೂ ಇದೆ, ಇಲ್ಲ ಅನ್ನಲ್ಲ. ಹದಿನೈದು ದಿನಕ್ಕೆ ಅರ್ಜಿ ವಾಪಸ್. 1.2 ಅಂದ್ರೆ ಒಂದು ಎಕರೆ ಎರಡು ಗುಂಟೆ, ಪಹಣಿಗೆ ತಾಳೆ ಆಗಲ್ಲ ಅಂದರಂತೆ. ಹಿರಿಯರು ಅಂಗಡಿ ಬಾಗಿಲಲ್ಲೇ ನಿಂತು ಕೇಳಿದರು: 'ಏನಪ್ಪಾ, ನನ್ನ ಹದಿನೆಂಟು ಗುಂಟೆನ ನಿನ್ನ ಕಂಪ್ಯೂಟರ್ ತಿಂದುಬಿಡ್ತಾ?'

ಪಹಣಿಯಲ್ಲಿರುವ ಚುಕ್ಕಿ ಲೆಕ್ಕದ ದಶಮಾಂಶ ಅಲ್ಲ. ಎಕರೆ ಆ ಕಡೆ, ಗುಂಟೆ ಈ ಕಡೆ ಅಂತ ಹಾಕಿದ ಬೇಲಿ ಅಷ್ಟೇ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಹಿರಿಯರ ಜಮೀನು ನಿಜಕ್ಕೂ ಒಂದೂವರೆ ಎಕರೆ. ಕಂಪ್ಯೂಟರ್ ಅದನ್ನ ದಶಮಾಂಶ ಅಂತ ಓದಿಕೊಂಡರೆ ಒಂದು ಎಕರೆ ಎಂಟು ಗುಂಟೆ. ಸೊನ್ನೆ ಬಿದ್ದುಹೋದ ಪ್ರಿಂಟನ್ನ ಗುಮಾಸ್ತರು ಓದಿದರೆ ಒಂದು ಎಕರೆ ಎರಡು ಗುಂಟೆ. ಒಂದೇ ತೋಟ, ಮೂರು ಅಳತೆ! ಅದೇ ಬಾಕ್ಸಿಗೆ ಸುಮ್ನೆ 1.75 ಹಾಕಿ ನೋಡಿದೆ, ಚಕಾರ ಎತ್ತದೆ ತಗೊಂಡಿತು. ಎಪ್ಪತ್ತೈದು ಗುಂಟೆ ಅಂತ ಯಾವ ಪಹಣಿಯಲ್ಲಿ ಬರೀತಾರೆ? ಎಕರೆಗೊಂದು ಬಾಕ್ಸ್, ಗುಂಟೆಗೊಂದು ಬಾಕ್ಸ್ ಕೊಟ್ಟು, ಗುಂಟೆ 39 ದಾಟಿದರೆ ತಡೆದಿದ್ದರೆ ಆಗ್ತಿತ್ತು.

ಸರ್ವೆ ನಂಬರ್ ಕಥೆಯೂ ಇದೇ. 45/2 ಅಂತ ಹಾಕೋಕೆ ಹೋದರೆ ನಡುವಿನ ಗೆರೆ ಒಪ್ಪಲ್ಲ. ಬೇರೆ ದಾರಿ ಇಲ್ಲದೆ 452 ಅಂತ ಒತ್ತಿದ ಅರ್ಜಿಗಳನ್ನೂ ನೋಡಿದ್ದೇನೆ. ಅದು ಬೇರೆ ಯಾರದೋ ಹೊಲ ಸ್ವಾಮಿ.

ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದಾನೆ. ಅವನನ್ನ ಕೇಳಿದೆ. ಅವನು ಹೇಳಿದ್ದು: 'ಮಾವ, ಕೂಡಿ ಕಳೆಯೋ ಅಂಕಿ ಬೇರೆ, ಹೆಸರಿನ ಥರ ಇರೋ ಅಂಕಿ ಬೇರೆ. ಖಾತೆ ನಂಬರ್‌ನ ಯಾರಾದ್ರೂ ಕೂಡ್ತಾರಾ? ಅದನ್ನೂ ಲೆಕ್ಕದ ಅಂಕಿ ಅಂದುಕೊಂಡು ಬಾಕ್ಸ್ ಮಾಡಿರ್ತಾರೆ, ಅದಕ್ಕೇ ನಂಬರಿನ ಶುರುವಿನಲ್ಲಿರೋ ಸೊನ್ನೆ ಬಿದ್ದುಹೋಗೋದು.' ಇನ್ನೊಂದು ತಮಾಷೆ ತೋರಿಸಿದ. ಈ ಲೆಕ್ಕದ ಬಾಕ್ಸಿಗೆ ಬೇರೆ ಅಕ್ಷರ ಹೋಗಲ್ಲ, ಆದರೆ ಇಂಗ್ಲಿಷಿನ 'ಇ' ಮಾತ್ರ ಹೋಗುತ್ತೆ. ಒಂದು, ಇ, ಐದು ಅಂತ ಒತ್ತಿದರೆ ಕಂಪ್ಯೂಟರ್ ಪಾಲಿಗೆ ಅದು ಒಂದು ಲಕ್ಷ. ನಮ್ಮ ಸರ್ವೆ ನಂಬರಿನ ಗೆರೆಗೆ ಇಲ್ಲದ ಮರ್ಯಾದೆ ಅದಕ್ಕೆ! ಮೊತ್ತ ಹಾಕಿದ ಮೇಲೆ ಪುಟ ಕೆಳಗೆ ಸರಿಸೋಣ ಅಂತ ಮೌಸಿನ ಚಕ್ರ ತಿರುಗಿಸಿದರೆ ಪುಟದ ಬದಲು ಮೊತ್ತವೇ ಇಳಿಯುವುದೂ ಉಂಟು. 50000 ಹಾಕಿದ್ದು 49997 ಆಗಿದ್ದನ್ನ ನಾನೇ ಕೊನೇ ಗಳಿಗೆಯಲ್ಲಿ ಹಿಡಿದಿದ್ದೇನೆ. ಬ್ರಿಟನ್ ಸರ್ಕಾರದ ಜಾಲತಾಣಗಳ ವಿನ್ಯಾಸ ನೋಡಿಕೊಳ್ಳುವ ತಂಡ ಇಂಥ ತೊಂದರೆಗಳನ್ನ ಕಂಡೇ 2020ರಲ್ಲಿ ಈ ಬಾಕ್ಸ್ ಕೈಬಿಟ್ಟು, ಮಾಮೂಲಿ ಅಕ್ಷರದ ಬಾಕ್ಸನ್ನೇ ಇಟ್ಟು ಮೊಬೈಲಿನಲ್ಲಿ ಅಂಕಿ ಕೀಬೋರ್ಡ್ ಮಾತ್ರ ಬರೋ ಹಾಗೆ ಮಾಡಿತಂತೆ.

ಇನ್ನು ಬೈಗುಳ. ಆಧಾರ್ ಕಾರ್ಡಲ್ಲಿ ನಂಬರ್ ನಾಲ್ಕು ನಾಲ್ಕಾಗಿ ಬಿಡಿಸಿ ಅಚ್ಚಾಗಿರುತ್ತೆ, ನೋಡಿಕೊಂಡು ಹಾಗೇ ಒತ್ತಿದರೆ 'ಇನ್‌ವ್ಯಾಲಿಡ್' ಅಂತ ಕೆಂಪು ಅಕ್ಷರ. ಏನು ತಪ್ಪು ಅಂತ ಹೇಳಲ್ಲ. ಜಾಗ ಬಿಟ್ಟಿದ್ದನ್ನ ತೆಗೆದುಹಾಕೋದು ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಕೆಲಸ ಅಂತೆ, ಅದನ್ನ ಅವರು ಮಾಡದೆ ನಮಗೆ ಬೈಯೋದು ಯಾಕೆ? ಹನ್ನೆರಡನೇ ಅಂಕಿ ಇರುವುದೇ ಉಳಿದ ಹನ್ನೊಂದು ಸರಿ ಇದೆಯಾ ಅಂತ ತಾಳೆ ನೋಡೋಕೆ, ಒಂದು ಅಂಕಿ ತಪ್ಪಿದರೆ ಕಳಿಸುವ ಮೊದಲೇ ಗೊತ್ತಾಗುತ್ತೆ. ಅದನ್ನ ನೋಡಲ್ಲ. ಐಎಫ್‌ಎಸ್‌ಸಿ ಕೋಡಿನ ಐದನೇ ಜಾಗದಲ್ಲಿ ಯಾವಾಗಲೂ ಸೊನ್ನೆಯೇ ಇರೋದು. ಜನ ಅಲ್ಲಿ 'ಓ' ಒತ್ತಿದರೆ ತಾನೇ ಸೊನ್ನೆ ಮಾಡಿಕೊಳ್ಳಬಹುದು, ಅಲ್ವಾ? ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ೧೨ ಅಂತ ಹಾಕಿದರೂ ತಗೊಳ್ಳಲ್ಲ. ಅರ್ಜಿಯ ತಲೆಬರಹವೆಲ್ಲ ಕನ್ನಡ, ಕನ್ನಡದ ಅಂಕಿ ಮಾತ್ರ ಬೇಡ.

ಸಾಲದ ಮೊತ್ತ ಹಾಕುವ ಕಡೆ 150000 ಮತ್ತು 1500000, ಕನ್ನಡಕ ಹಾಕಿಕೊಂಡರೂ ಒಂದೇ ಥರ ಕಾಣುತ್ತೆ. 1,50,000 ಅಂತ ನಮ್ಮ ಲೆಕ್ಕಕ್ಕೆ ಅಲ್ಪವಿರಾಮ ಹಾಕಿ ತೋರಿಸೋದು ಬ್ರೌಸರಿಗೇ ಗೊತ್ತಂತೆ, ಕೇಳಬೇಕು ಅಷ್ಟೇ. ಕೇಳದವರು 150,000 ಅಂತ ತೋರಿಸ್ತಾರೆ, ಅದನ್ನ ನೋಡಿ ನಮ್ಮವರು ಹದಿನೈದು ಲಕ್ಷಾನಾ ಅಂತ ಗಾಬರಿ ಬೀಳ್ತಾರೆ. ಚೆಕ್ಕಿನಲ್ಲಿ ಬರೆಯುವ ಹಾಗೆ ಬಾಕ್ಸಿನ ಕೆಳಗೆ 'ಒಂದು ಲಕ್ಷ ಐವತ್ತು ಸಾವಿರ' ಅಂತ ಅಕ್ಷರದಲ್ಲೂ ಬಂದರೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತವರೂ ಓದಿ ನೋಡಬಹುದು. ದುಡ್ಡು ಅವರದು ತಾನೇ.

ಇಂಥ ಅರ್ಜಿ ಮಾಡುವವರು ಒಂದು ದಿನ ಯಾವುದಾದರೂ ತಾಲ್ಲೂಕಿನ ಸೈಬರಿನಲ್ಲಿ ಬಂದು ಕೂತುಕೊಳ್ಳಲಿ. ಟೀ ನಾನೇ ಕೊಡಿಸ್ತೀನಿ.

ಹಿರಿಯರ ಅರ್ಜಿ ಮೊನ್ನೆ ಮತ್ತೆ ಹಾಕಿದೆ. ಬಾಕ್ಸಿನಲ್ಲಿ ಈಗಲೂ 1.2 ಅಂತಲೇ ಇದೆ. ಪ್ರಿಂಟಿನ ಮೇಲೆ ಪೆನ್ನಲ್ಲಿ ಸೊನ್ನೆ ಸೇರಿಸಿ, ಪಕ್ಕದಲ್ಲಿ ಅವರ ಸಹಿ ಹಾಕಿಸಿ ಕಳಿಸಿದ್ದೇನೆ.

– ಸೈಬರ್ ಅಂಗಡಿಯವ, ತಿಪಟೂರು