ಪಟ್ಟಿ ಬಿಟ್ಟು ಪೇಪರ್ ಹಿಡಿ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಭಾನುವಾರ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. ಸಾವಿರ ಇಡಿಯಮ್‌ಗಳ ಪುಸ್ತಕ ತಂದು ದಿನಕ್ಕೆ ಇಪ್ಪತ್ತರಂತೆ ಬಾಯಿಪಾಠ ಮಾಡಿದೆ, ವಾರದೊಳಗೆ ಎಲ್ಲ ಮರೆತುಹೋಯಿತು ಎಂದೆ. ‘ಕನ್ನಡ ಮೀಡಿಯಂನವಳಿಗೆ ಇದು ಒಗ್ಗಲ್ಲ ಅನ್ಸುತ್ತೆ’ ಎಂದೂ ಹೇಳಿದೆ. ಆ ಕೊನೆಯ ಮಾತು ನನ್ನನ್ನು ರಾತ್ರಿಯೆಲ್ಲ ಕೊರೆಯಿತು. ಅದಕ್ಕೇ ಈ ಕಾಗದ.

ನಿನ್ನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ ಪುಟ್ಟಿ. ಮದುವೆ ಮನೆಯಲ್ಲಿ ಒಂದೇ ಉಸಿರಿಗೆ ಇಪ್ಪತ್ತು ನೆಂಟರ ಪರಿಚಯ ಮಾಡಿಸಿದರೆ ಯಾರ ಹೆಸರು ನೆನಪಿರುತ್ತದೆ? ಪಂಕ್ತಿಯಲ್ಲಿ ಪಕ್ಕ ಕೂತು, ಊರು ಕೇರಿ ವಿಚಾರಿಸಿದವರ ಹೆಸರು ಮಾತ್ರ ಅಲ್ವಾ? ಪದವೂ ಹಾಗೆಯೇ. ಯಾರು, ಯಾರಿಗೆ, ಯಾವಾಗ ಹೇಳಿದರು ಎನ್ನುವುದರ ಜೊತೆ ಬಂದ ಪದ ಉಳಿಯುತ್ತದೆ. ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಪದ ಜಾರಿಹೋಗುತ್ತದೆ. ಇಲ್ಲವೇ ತಪ್ಪು ಜಾಗದಲ್ಲಿ ಬಾಯಿಗೆ ಬರುತ್ತದೆ. ಅದು ಇನ್ನೂ ಕೆಟ್ಟದ್ದು.

ಇದು ನನಗೆ ಆಗಿದೆ. ಮುಂಬೈಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ನಾನೂ ಪಟ್ಟಿ ಉರು ಹೊಡೆದವನೇ. ‘ಕಿಕ್ ದ ಬಕೆಟ್’ ಅಂದರೆ ಸಾಯುವುದು ಎಂದು ಅದರಲ್ಲಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನ ತಂದೆ ತೀರಿಕೊಂಡರು. ಸಮಾಧಾನ ಹೇಳಲು ಬರೆದ ಕಾಗದದಲ್ಲಿ ಅದನ್ನೇ ಹಾಕಿದೆ. ಅವನು ಓದಿ, ಮಡಚಿ, ಜೇಬಿಗಿಟ್ಟುಕೊಂಡ. ಒಂದು ಮಾತೂ ಆಡಲಿಲ್ಲ. ಸಂಜೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದು ನಮ್ಮಲ್ಲಿ ‘ಗೊಟಕ್ ಅಂದ’ ಎನ್ನುತ್ತಾರಲ್ಲ, ಅಂಥ ಮಾತು. ಸಾವಾದ ಮನೆಗೆ ಬರೆಯುವಂಥದ್ದಲ್ಲ. ನಾನು ಹೋಗಿ ಕ್ಷಮೆ ಕೇಳಿದೆ. ಅವನು ದೊಡ್ಡ ಮನಸ್ಸು ಮಾಡಿದ. ಆದರೂ ನೆನೆದರೆ ಈಗಲೂ ಸಂಕಟವಾಗುತ್ತದೆ. ‘ಪಾಸ್ಡ್ ಅವೇ’ ಎಂಬ ಎರಡು ಪದ ಸಾಕಿತ್ತು.

ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳಲ್ಲಿ ಪದದ ಪಕ್ಕ ಸಣ್ಣ ಅಕ್ಷರದಲ್ಲಿ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’ ಎಂದೆಲ್ಲ ಗುರುತು ಇರುತ್ತದೆ. ಅರ್ಥಕ್ಕಿಂತ ಮೊದಲು ಆ ಗುರುತು ನೋಡು.

ಹಾಗಾದರೆ ಶುರು ಎಲ್ಲಿಂದ? ನಿನಗೆ ಮೊದಲೇ ಗೊತ್ತಿರುವ ಸುದ್ದಿಯಿಂದ. ನೀನು ಮಂಡ್ಯದವಳು. ಮಳೆಗಾಲ ಬಂದರೆ ನಮ್ಮ ಮನೆಯಲ್ಲಿ ಮೊದಲು ನೋಡುವುದೇ ಕೆಆರ್‌ಎಸ್ ನೀರಿನ ಮಟ್ಟ. 124.80 ಅಡಿ ತುಂಬಿತೋ ಇಲ್ಲವೋ ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಆ ಸುದ್ದಿಯನ್ನು ಒಮ್ಮೆ ಇಂಗ್ಲಿಷ್ ಪೇಪರಿನಲ್ಲಿ ಓದು. ಒಳಹರಿವು ‘ಇನ್‌ಫ್ಲೋ’, ಹೊರಹರಿವು ‘ಔಟ್‌ಫ್ಲೋ’. ಕ್ಯೂಸೆಕ್ ನಿನ್ನ ಅಪ್ಪನ ಬಾಯಲ್ಲೇ ಇದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಡಿಕ್ಷನರಿ ಮುಟ್ಟದೆ ಅರ್ಧ ಸುದ್ದಿ ಮುಗಿಯಿತು ನೋಡು.

ಅಣೆಕಟ್ಟು ತುಂಬಿದಾಗ ‘ಫುಲ್ ಟು ದ ಬ್ರಿಮ್’ ಎಂದು ಬರೆಯುತ್ತಾರೆ. ಬ್ರಿಮ್ ಅಂದರೆ ಪಾತ್ರೆಯ ಅಂಚು. ನಾವು ಚೆಂಬಿನ ಕಂಠಮಟ್ಟ ನೀರು ಎನ್ನುವುದಿಲ್ಲವೇ, ಹಾಗೆ. ಎರಡು ದಿನ ಬಿಟ್ಟು ಅದೇ ಪದ ಕ್ರೀಡೆಯ ಪುಟದಲ್ಲಿ ಸಿಗುತ್ತದೆ. ಯಾವುದೋ ಆಟಗಾರ್ತಿ ‘ಬ್ರಿಮಿಂಗ್ ವಿತ್ ಕಾನ್ಫಿಡೆನ್ಸ್’ ಅಂತೆ. ನಿನಗೆ ತಕ್ಷಣ ತುಂಬಿ ತುಳುಕುವ ಕೆಆರ್‌ಎಸ್ ಕಣ್ಣಿಗೆ ಬರಬೇಕು. ಇನ್ನೊಂದು ದಿನ ಕೋರ್ಟಿನ ಸುದ್ದಿ. ಈ ಒಂದು ಅರ್ಜಿಗೆ ಒಪ್ಪಿದರೆ ‘ಫ್ಲಡ್‌ಗೇಟ್ಸ್’ ತೆರೆದ ಹಾಗಾಗುತ್ತದೆ ಎಂದು ವಕೀಲರು ವಾದಿಸಿದರು ಎಂದಿರುತ್ತದೆ. ಅಣೆಕಟ್ಟಿನ ಗೇಟು ಎತ್ತಿದಾಗ ನೀರು ಹೇಗೆ ನುಗ್ಗುತ್ತದೆ ಎಂದು ನೀನು ಕಣ್ಣಾರೆ ನೋಡಿದ್ದೀಯ. ಅರ್ಜಿಗಳು ಹಾಗೆ ನುಗ್ಗುತ್ತವೆ ಎಂದು ಅವರ ಮಾತು. ಪಟ್ಟಣದಲ್ಲೇ ಬೆಳೆದ ಮಗುವಿಗಿಂತ ನಿನಗೆ ಇದು ಬೇಗ ತಲೆಗೆ ಹೋಗುತ್ತದೆ. ಕನ್ನಡ ಮೀಡಿಯಂ ಎಂದು ಕುಗ್ಗುವವಳು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯವು. ಎರಡೂ ಶುರುವಾದದ್ದು 1948ರಲ್ಲಿ. ನಾನು ಮಾಡಿದ್ದು ಇಷ್ಟೇ. ಮೊದಲು ಕನ್ನಡದಲ್ಲಿ ಒಂದು ಸುದ್ದಿ ಓದುವುದು, ಆಮೇಲೆ ಅದೇ ಸುದ್ದಿ ಇಂಗ್ಲಿಷಿನಲ್ಲಿ. ಏನಾಯಿತು ಎನ್ನುವುದು ಮೊದಲೇ ಗೊತ್ತಿರುವುದರಿಂದ ಗಮನ ಪೂರ್ತಿ ಪದಗಳ ಮೇಲೆ ಇರುತ್ತದೆ. ದಿನಕ್ಕೆ ಒಂದೇ ಸುದ್ದಿ ಸಾಕು. ಜಾಸ್ತಿ ಬೇಡ.

ರಾಜಕೀಯದ ಪುಟ ಬಿಡಬೇಡ. 2018ರಲ್ಲಿ ನಮ್ಮ ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕನ್ನಡದಲ್ಲಿ ‘ಅತಂತ್ರ ವಿಧಾನಸಭೆ’ ಎಂದು ಓದಿದ್ದನ್ನೇ ಇಂಗ್ಲಿಷಿನಲ್ಲಿ ‘ಹಂಗ್ ಅಸೆಂಬ್ಲಿ’ ಎಂದಿದ್ದರು. ಹಿಂದೆಯೇ ‘ಫ್ಲೋರ್ ಟೆಸ್ಟ್’ ಬಂತು. ಈ ಪದಕ್ಕೂ ನಮಗೂ ಹಳೆಯ ನಂಟು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದರು. ಆ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್, ಬಹುಮತ ಇದೆಯೋ ಇಲ್ಲವೋ ಎನ್ನುವುದು ಸದನದ ಒಳಗೇ ತೀರ್ಮಾನವಾಗಬೇಕು ಎಂದಿತು. ಫ್ಲೋರ್ ಎಂದರೆ ಇಲ್ಲಿ ಬರೀ ನೆಲವಲ್ಲ, ಸದಸ್ಯರು ಕೂತು ಮಾತಾಡುವ ಸದನ. ಇದು ತಿಳಿದರೆ ‘ಟೇಕ್ ದ ಫ್ಲೋರ್’ ಅಂದರೆ ಮಾತಾಡಲು ಎದ್ದು ನಿಲ್ಲುವುದು, ‘ಕ್ರಾಸ್ ದ ಫ್ಲೋರ್’ ಅಂದರೆ ಎದುರು ಪಕ್ಷದ ಕಡೆ ಹೋಗುವುದು ಎಂದು ತಾನಾಗಿ ಬಿಡಿಸಿಕೊಳ್ಳುತ್ತದೆ.

ತಲೆಬರಹದ ಭಾಷೆ ಮಾತ್ರ ಬೇರೆ. ಜಾಗ ಕಡಿಮೆ ಇರುವುದರಿಂದ ಚಿಕ್ಕ ಪದ ಹುಡುಕುತ್ತಾರೆ. ‘ಹೆಲ್ಡ್’ ಅಂದರೆ ಬಂಧನ, ‘ನಾಡ್’ ಅಂದರೆ ಒಪ್ಪಿಗೆ, ‘ಸ್ಲ್ಯಾಮ್ಸ್’ ಅಂದರೆ ಕಟುವಾಗಿ ಟೀಕಿಸಿದರು. ಓದಿ ಅರ್ಥ ಮಾಡಿಕೋ. ಪ್ರಿನ್ಸಿಪಾಲರಿಗೆ ಬರೆಯುವ ಅರ್ಜಿಯಲ್ಲಿ ಹಾಕಬೇಡ.

ಕ್ರಿಕೆಟ್ ನೋಡುವಾಗ ನಿನ್ನ ತಮ್ಮನ ಪಕ್ಕ ಕೂತು ಇಂಗ್ಲಿಷ್ ಕಾಮೆಂಟರಿ ಕೇಳು. ಹಿಂದೆ ಪಿಚ್ಚನ್ನು ಮುಚ್ಚುತ್ತಿರಲಿಲ್ಲ. ಮಳೆಗೆ ನೆನೆದ ನೆಲ ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಪುಟಿಯುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಆ ‘ಸ್ಟಿಕಿ ವಿಕೆಟ್’ ಈಗ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಮಂತ್ರಿಗಳ ಸುದ್ದಿಯಲ್ಲೂ ಇರುತ್ತದೆ. ನಮ್ಮ ಶಿವಣ್ಣನ ಹೆಸರಿನ ಮುಂದಿನ ‘ಹ್ಯಾಟ್ರಿಕ್’ ಕೂಡ ಇದೇ ಆಟದಿಂದ ಬಂದದ್ದು. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಟೀಫನ್‌ಸನ್ ಎಂಬ ಬೌಲರ್ ಸತತ ಮೂರು ಚೆಂಡಿಗೆ ಮೂರು ವಿಕೆಟ್ ಕಿತ್ತ. ಜನ ಹಣ ಸೇರಿಸಿ ಅವನಿಗೆ ಟೋಪಿ ಕೊಡಿಸಿದರು.

ಒಂದು ಎಚ್ಚರಿಕೆ. ಕನ್ನಡದ ಮಾತನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತರಬೇಡ. ‘ಅವನು ಕೈ ಕೊಟ್ಟ’ ಅಂದರೆ ನಮ್ಮಲ್ಲಿ ಮೋಸ ಮಾಡಿದ ಎಂದು. ಅವರಲ್ಲಿ ‘ಗಿವ್ ಎ ಹ್ಯಾಂಡ್’ ಅಂದರೆ ನೆರವಾದ ಎಂದು! ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಸುಖವೇ ಬೇರೆ. ನಿನ್ನ ಅಜ್ಜಿ ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತಿದ್ದಳು. ಕಣದಲ್ಲಿ ರಾಗಿ ತೂರಲು ಗಾಳಿ ಬೇಕು. ಇಂಗ್ಲೆಂಡಿನ ರೈತ ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂದ. ಅವನ ಕಷ್ಟ ಬಿಸಿಲಿನದು. ಕೊಯ್ದ ಹುಲ್ಲು ಒಣಗದಿದ್ದರೆ ಚಳಿಗಾಲಕ್ಕೆ ದನಗಳಿಗೆ ಮೇವಿಲ್ಲ. ಇಬ್ಬರೂ ರೈತರೇ. ಒಬ್ಬ ಗಾಳಿ ಕಾಯುತ್ತಾನೆ, ಇನ್ನೊಬ್ಬ ಬಿಸಿಲು ಕಾಯುತ್ತಾನೆ. ಇದನ್ನು ಮೊದಲ ಸಲ ಯೋಚಿಸಿದ ದಿನ ನನಗೆ ಇಂಗ್ಲಿಷ್ ಮೇಲಿನ ಭಯ ಅರ್ಧ ಹೋಯಿತು.

‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಎಂದರೆ ಗೆಳತಿಯರು ನಗುತ್ತಾರೆ ಎಂದೆಯಲ್ಲ. ಅವು ನಮ್ಮ ದೇಶದ ಇಂಗ್ಲಿಷ್. ನಾಚಿಕೆ ಬೇಡ. ಹೊರಗಿನವರಿಗೆ ಬರೆಯುವಾಗ ಮಾತ್ರ ನೋಡಿಕೋ. ಕಾಲೇಜಿನಿಂದ ‘ಪಾಸ್ಡ್ ಔಟ್’ ಆದೆ ಎಂದರೆ ಬೇರೆ ದೇಶದವರು ನೀನು ಎಚ್ಚರ ತಪ್ಪಿ ಬಿದ್ದೆ ಎಂದುಕೊಂಡಾರು.

ಒಂದು ನೋಟ್‌ಬುಕ್ ಇಟ್ಟುಕೋ. ಪದ ಬರೆಯಬೇಡ, ಪದ ಸಿಕ್ಕಿದ ಇಡೀ ವಾಕ್ಯ ಬರೆದುಕೋ. ಯಾವ ಪೇಪರ್, ಯಾವ ದಿನ ಎಂದೂ ಇರಲಿ. ಅದೇ ಪದ ಮೂರು ಬೇರೆ ಕಡೆ ಕಾಣುವವರೆಗೆ ನೀನು ಬಳಸದಿದ್ದರೂ ಪರವಾಗಿಲ್ಲ. ನನ್ನ ಹಳೆಯ ನೋಟ್‌ಬುಕ್‌ಗಳು ಟ್ರಂಕಿನಲ್ಲಿವೆ. ದೀಪಾವಳಿಗೆ ಬಂದಾಗ ತರುತ್ತೇನೆ.

ಅಲ್ಲಿ ಮಳೆ ಹೇಗಿದೆ? ವಿ.ಸಿ. ನಾಲೆಗೆ ನೀರು ಬಿಟ್ಟರಾ? ಅಪ್ಪನನ್ನು ಕೇಳಿ, ನಾಲ್ಕು ಸಾಲು ಇಂಗ್ಲಿಷಿನಲ್ಲೇ ಬರೆದು ಕಳಿಸು. ತಪ್ಪಿದ್ದರೆ ಇರಲಿ. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ