ದೊಡ್ಡ ಲೆಕ್ಕ ರನ್ ಮಾಡುವುದನ್ನೂ ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಡೇಟಾ ಸೈನ್ಸ್ ಕಲಿಯಿರಿ ಎಂಬ ಲೇಖನಗಳು ನಿಮ್ಮ ಶಿಕ್ಷಣ ಪುಟದಲ್ಲಿ ಆಗಾಗ ಬರುತ್ತವೆ. ಬರಲಿ, ಬೇಕು. ಆದರೆ ಅಲ್ಲಿ ಯಾರೂ ಎತ್ತದ ವಿಷಯ ಒಂದಿದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುವ ಲೆಕ್ಕವನ್ನು ದೂರದ ಸರ್ವರ್‌ನಲ್ಲಿ ರನ್ ಮಾಡುವುದು ಹೇಗೆ? ತರಗತಿಯಲ್ಲಿ ಆರ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸುತ್ತಾರೆ, ಇರುವ ಡೇಟಾದಿಂದಲೇ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಲೆಕ್ಕ ಹಾಕುವ ಬೂಟ್‌ಸ್ಟ್ರ್ಯಾಪ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಅದನ್ನೇ ಹತ್ತು ಸಾವಿರ ಸಲ ರನ್ ಮಾಡುವ ಹೊತ್ತು ಬಂದಾಗ ವಿದ್ಯಾರ್ಥಿಗೆ ದಾರಿ ತೋರಿಸುವವರು ಇರುವುದಿಲ್ಲ.

ಆಗುವುದು ಇಷ್ಟು. ಸಂಜೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಮೂಲಕ ಸರ್ವರ್‌ಗೆ ಲಾಗಿನ್ ಆಗಿ ಪ್ರೋಗ್ರಾಂ ಶುರು ಮಾಡುತ್ತಾರೆ. ರಾತ್ರಿ ನೆಟ್ ಕೈಕೊಡುತ್ತದೆ, ಇಲ್ಲವೇ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಾರೆ. ಬೆಳಗ್ಗೆ ನೋಡಿದರೆ ಏನೂ ಇಲ್ಲ. ಸರ್ವರ್ ಕೆಟ್ಟಿಲ್ಲ, ಕೋಡ್‌ನಲ್ಲೂ ತಪ್ಪಿಲ್ಲ. ಸಂಪರ್ಕ ಕಡಿದು ಆ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಪರದೆ, ಮುಚ್ಚಿಕೊಂಡಾಗ ಅದರಲ್ಲಿ ನಡೆಯುತ್ತಿದ್ದ ಪ್ರೋಗ್ರಾಂಗೆ ಹ್ಯಾಂಗಪ್ ಎಂಬ ಸಿಗ್ನಲ್ ಹೋಗುತ್ತದೆ. ಅದಕ್ಕೆ ಕಿವಿಗೊಡಬೇಡ ಅಂತ ಮೊದಲೇ ಹೇಳಿರದಿದ್ದರೆ ಪ್ರೋಗ್ರಾಂ ಅಲ್ಲಿಗೇ ಮುಗಿಯಿತು. ಪರಿಹಾರ ಏನೂ ಹೊಸದಲ್ಲ. ಸಂಪರ್ಕ ಕಡಿದರೂ ಟರ್ಮಿನಲನ್ನು ಸರ್ವರ್ ಮೇಲೆ ಹಾಗೇ ಉಳಿಸುವ ಸ್ಕ್ರೀನ್ ಎಂಬ ಸಾಧನ 1987ರಿಂದ ಇದೆ, ಅಂಥದ್ದೇ ಆದ ಟಿಮಕ್ಸ್ 2007ರಿಂದ. ಟಿಮಕ್ಸ್ ಒಳಗೆ ಪ್ರೋಗ್ರಾಂ ಶುರು ಮಾಡಿ, ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, ಡಿ ಒತ್ತಿದರೆ ನೀವು ಹೊರಗೆ ಬರುತ್ತೀರಿ, ಲೆಕ್ಕ ಒಳಗೆ ನಡೆಯುತ್ತಲೇ ಇರುತ್ತದೆ. ಮರುದಿನ ಬೇರೆ ಕಂಪ್ಯೂಟರ್‌ನಿಂದ ಬಂದು ಅಟ್ಯಾಚ್ ಅಂದರೆ ಅದೇ ಪರದೆ ಎದುರಿಗೆ. ಹತ್ತು ನಿಮಿಷದ ಪಾಠ. ನೆಟ್ ಸರಿಯಿಲ್ಲದ ಕಡೆ ಕೂತು ಓದುವವರಿಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕು. ಅವರಿಗೇ ಇದು ಗೊತ್ತಿರುವುದಿಲ್ಲ ಅನ್ನುವುದು ನನ್ನ ಸಂಕಟ.

"ಇದೆಲ್ಲ ಸಿಸ್ಟಮ್ ಅಡ್ಮಿನ್ ಕೆಲಸ, ಸಂಖ್ಯಾಶಾಸ್ತ್ರದ ಪಾಠದಲ್ಲಿ ಯಾಕೆ?" ಅಂತ ಕೆಲವು ಅಧ್ಯಾಪಕರು ಕೇಳುತ್ತಾರೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಆ ಪ್ರಶ್ನೆ. ಲೆಕ್ಕವನ್ನು ಹೇಗೆ ರನ್ ಮಾಡಿದಿರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಒಂದು ಸಿಮ್ಯುಲೇಷನ್ ತೆಗೆದುಕೊಳ್ಳಿ. ಸಾವಿರ ಕೃತಕ ಡೇಟಾಸೆಟ್ ತಯಾರಿಸಿ, ಪ್ರತಿಯೊಂದಕ್ಕೂ ಮಾಡೆಲ್ ಹೊಂದಿಸಿ, ವಿಧಾನ ಎಷ್ಟು ತಪ್ಪುತ್ತದೆ ಅಂತ ಸರಾಸರಿ ನೋಡಬೇಕು. ಹಲವರು ಹಂಚಿಕೊಳ್ಳುವ ಸರ್ವರ್‌ಗಳಲ್ಲಿ ಸ್ಲರ್ಮ್‌ನಂಥ ವ್ಯವಸ್ಥೆ ಇರುತ್ತದೆ. ಅದು ಪ್ರತಿ ಜಾಬ್‌ಗೂ, ಅಂದರೆ ನಾವು ಕಳಿಸಿದ ಪ್ರತಿ ಕೆಲಸಕ್ಕೂ, ಇಂತಿಷ್ಟು ಸಮಯ ಅಂತ ಕೊಡುತ್ತದೆ, ಸಮಯ ಮೀರಿದರೆ ನಿಲ್ಲಿಸುತ್ತದೆ. ಸರಿ, ಯಾವ ಜಾಬ್‌ಗಳು ಮೀರುತ್ತವೆ? ಸುಮ್ನೆ ಯಾವುದೋ ಒಂದಷ್ಟು ಅಲ್ಲ. ಮಾಡೆಲ್ ಒಂದು ಉತ್ತರಕ್ಕೆ ಬಂದು ನಿಲ್ಲಲು ಒದ್ದಾಡುವಂಥ ಕಷ್ಟದ ಡೇಟಾಸೆಟ್‌ಗಳೇ ಹೆಚ್ಚಾಗಿ ಹಾಗೆ ಹೊರಗೆ ಬೀಳುತ್ತವೆ. ಮುಗಿದವುಗಳ ಫೈಲ್‌ಗಳನ್ನಷ್ಟೇ ಒಟ್ಟು ಮಾಡಿ ಸರಾಸರಿ ತೆಗೆದರೆ ವಿಧಾನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆ ಬರೆದು ಮುಗಿಸಿದವರ ಅಂಕವನ್ನಷ್ಟೇ ಹಿಡಿದು ಇಡೀ ತರಗತಿಯ ಸರಾಸರಿ ಹೇಳಿದ ಹಾಗೆ. ಕಾಣೆಯಾದ ಡೇಟಾ ಬಗ್ಗೆ ಇಡೀ ಅಧ್ಯಾಯ ಪಾಠ ಮಾಡುತ್ತೇವೆ, ಆದರೆ ನಮ್ಮದೇ ಫೋಲ್ಡರ್‌ನಲ್ಲಿ ಎಷ್ಟು ಫೈಲ್ ಕಾಣೆಯಾಗಿವೆ, ಯಾಕೆ ಅಂತ ಎಣಿಸುವುದನ್ನು ಕಲಿಸುವುದಿಲ್ಲ. ಇದು ಸಂಖ್ಯಾಶಾಸ್ತ್ರ ಅಲ್ಲದೆ ಮತ್ತೇನು?

ರ‍್ಯಾಂಡಮ್ ಸಂಖ್ಯೆಗಳದು ಇನ್ನೂ ಅಪಾಯದ ವಿಷಯ. ಪಾಠದಲ್ಲಿ ಹೇಳಿಕೊಟ್ಟ ಹಾಗೆ ಕೋಡ್‌ನ ಮೊದಲ ಸಾಲಿನಲ್ಲಿ ಸೀಡ್ (ಈ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಅಂಕಿ) 123 ಅಂತ ಹಾಕಿ, ಅದೇ ಸ್ಕ್ರಿಪ್ಟನ್ನು ನೂರು ಜಾಬ್‌ಗಳಾಗಿ ಕಳಿಸಿದರೆ, ನೂರೂ ಜಾಬ್ ಒಂದೇ ರ‍್ಯಾಂಡಮ್ ಸಂಖ್ಯೆಗಳನ್ನು ಹುಟ್ಟಿಸುತ್ತವೆ, ನೂರೂ ಫೈಲ್‌ನಲ್ಲಿ ಒಂದೇ ಉತ್ತರ ಇರುತ್ತದೆ. ಎಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಡೇಟಾ ನೂರು ಪಟ್ಟು ಇದೆ ಅನ್ನಿಸುತ್ತದೆ, ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ, ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಪ್ರೋಗ್ರಾಂ ನಿಂತುಹೋದರೆ ಕೊನೇಪಕ್ಷ ಗೊತ್ತಾಗುತ್ತದೆ, ಇದು ಗೊತ್ತೇ ಆಗುವುದಿಲ್ಲ. ಆರ್‌ನ ಪ್ಯಾರಲಲ್ ಪ್ಯಾಕೇಜ್‌ನಲ್ಲಿ ಪ್ರತಿ ಜಾಬ್‌ಗೂ ಬೇರೆ ಬೇರೆ ಸರಣಿ ಕೊಡುವ ಲೆಕ್ಯುಯೇ ವಿಧಾನ ಇದೆ, ಬಳಸುವುದೂ ಸುಲಭ. ಜೊತೆಗೆ ಆರ್‌ನ ಯಾವ ಆವೃತ್ತಿ ಅಂತ ಬರೆದಿಡಬೇಕು. 2019ರಲ್ಲಿ ಬಂದ 3.6.0ರಲ್ಲಿ ಸ್ಯಾಂಪಲ್ ಫಂಕ್ಷನ್ ಕೆಲಸ ಮಾಡುವ ರೀತಿ ಬದಲಾಯಿತು. ಹಾಗಾಗಿ ಅದಕ್ಕಿಂತ ಹಳೆಯ ಆರ್‌ನಲ್ಲಿ ಬಂದ ಉತ್ತರ, ಸೀಡ್ ಅದೇ ಇದ್ದರೂ, ಈಗ ಬರಲಿಕ್ಕಿಲ್ಲ.

ಉಳಿದವು ಸಣ್ಣವು, ಆದರೆ ಬೇಕಾದವು. ರನ್ ಮಾಡುವ ಮೊದಲು ಸಮಯ ಅಂದಾಜು ಮಾಡಿ. ಒಂದು ಸುತ್ತಿಗೆ 3 ಸೆಕೆಂಡ್ ಆದರೆ 10,000 ಸುತ್ತಿಗೆ 8 ಗಂಟೆ 20 ನಿಮಿಷ. ಮೆಮೊರಿಯೂ ಹಾಗೇ. ಒಂದು ಸಂಖ್ಯೆಗೆ 8 ಬೈಟ್, ಒಂದು ಕೋಟಿ ಸಾಲು, 50 ಕಾಲಂ ಅಂದರೆ 4 ಜಿಬಿ, ಆರ್ ನಡುವೆ ಒಂದು ನಕಲು ಮಾಡಿಕೊಂಡರೆ 8. ಮೆಮೊರಿ ತುಂಬಿದರೆ ಲಿನಕ್ಸ್ ತಾನೇ ಒಂದು ಪ್ರೋಗ್ರಾಂ ಆರಿಸಿ ಕೊಲ್ಲುತ್ತದೆ, ಸಾಮಾನ್ಯವಾಗಿ ಜಾಸ್ತಿ ಮೆಮೊರಿ ತಿನ್ನುತ್ತಿರುವುದನ್ನೇ. ಪರದೆಯ ಮೇಲೆ ಉಳಿಯುವುದು ಕಿಲ್ಡ್ ಎಂಬ ಒಂದೇ ಪದ. ಪೈಥಾನ್‌ನ ಔಟ್‌ಪುಟ್ ಫೈಲ್‌ಗೆ ಹೋಗುವಾಗ ಸಾಲು ಸಾಲಾಗಿ ಹೋಗುವುದಿಲ್ಲ, ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ಹೋಗುತ್ತದೆ. ಹೀಗಾಗಿ ಲಾಗ್ ಖಾಲಿ ಇದೆ ಅಂತ ಹೆದರಿ ಚೆನ್ನಾಗಿ ನಡೆಯುತ್ತಿದ್ದ ಲೆಕ್ಕವನ್ನು ನಿಲ್ಲಿಸಿದವರಿದ್ದಾರೆ. ಪೈಥಾನ್ ಶುರು ಮಾಡುವಾಗ ಮೈನಸ್ ಯು (-u) ಎಂಬ ಆಯ್ಕೆ ಹಾಕಿದ್ದರೆ ಸಾಕಿತ್ತು. ಇನ್ನು ಸರ್ವರ್ ನಮ್ಮೊಬ್ಬರದೇ ಅಲ್ಲ, ಅಲ್ವಾ? 16 ಕೋರ್ (ಪ್ರೊಸೆಸರ್‌ನ ಲೆಕ್ಕ ಮಾಡುವ ಘಟಕ) ಇರುವ ಕಡೆ 16 ಪ್ರೋಗ್ರಾಂ ಶುರು ಮಾಡಿ, ಪ್ರತಿಯೊಂದೂ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಮತ್ತೆ 16 ಥ್ರೆಡ್ (ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆ) ತೆಗೆದರೆ ಒಟ್ಟು 256. ನಿಮ್ಮದೂ ನಿಧಾನ, ಉಳಿದವರದೂ ನಿಧಾನ. ಒಂದು ಪ್ರೋಗ್ರಾಂಗೆ ಒಂದೇ ಥ್ರೆಡ್ ಅಂತ ಮೊದಲೇ ಹೇಳಿಬಿಡಬಹುದು.

ಟಿಮಕ್ಸ್ ಕಾಪಾಡುವುದು ನೆಟ್ ಹೋದಾಗ ಮಾತ್ರ. ಸರ್ವರ್ ರೀಸ್ಟಾರ್ಟ್ ಆದರೆ ಟಿಮಕ್ಸ್ ಕೂಡ ಹೋಗುತ್ತದೆ. ಹಾಗಾಗಿ ಕೆಲಸವನ್ನು ತುಂಡು ಮಾಡಬೇಕು. ಹತ್ತು ಸಾವಿರ ಸುತ್ತಾದರೆ ಐನೂರಕ್ಕೊಂದು ಫೈಲ್. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಬರೆದಾದ ಮೇಲೆ ಹೆಸರು ಬದಲಿಸಬೇಕು. ಇಲ್ಲದಿದ್ದರೆ ಅರ್ಧ ಬರೆದ ಫೈಲ್ ಮುಗಿದ ಫೈಲ್‌ನ ಹಾಗೇ ಕಾಣುತ್ತದೆ. ಸ್ಕ್ರಿಪ್ಟ್ ಮತ್ತೆ ಶುರುವಾದಾಗ ಯಾವ ಫೈಲ್ ಇದೆ, ಯಾವುದು ಇಲ್ಲ ಅಂತ ನೋಡಿ ಇಲ್ಲದ್ದನ್ನಷ್ಟೇ ಮಾಡಲಿ. ಮಾರ್ಕೊವ್ ಸರಪಳಿಯ ಲೆಕ್ಕಗಳಲ್ಲಿ ಹೀಗೆ ಎಲ್ಲಿ ಬೇಕೋ ಅಲ್ಲಿ ತುಂಡು ಮಾಡಲು ಬರುವುದಿಲ್ಲ, ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆ ಬೇಕು. ಅಲ್ಲಿ ಕೊನೆಯ ಸ್ಥಿತಿಯನ್ನೂ ರ‍್ಯಾಂಡಮ್ ಜನರೇಟರ್‌ನ ಸ್ಥಿತಿಯನ್ನೂ ಆಗಾಗ ಉಳಿಸಿಕೊಳ್ಳಬೇಕು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಈ ವಿಷಯಗಳನ್ನು ಶಿಕ್ಷಣ ಪುಟದಲ್ಲಿ ಕನ್ನಡದಲ್ಲೇ, ಬಿಡಿಸಿ ಬಿಡಿಸಿ, ವಾರಕ್ಕೊಂದರಂತೆ ಬರೆಸಿ. ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಕೇಳಿದರೆ ಖಂಡಿತ ಬರೆಯುತ್ತಾರೆ. ಅಧ್ಯಾಪಕರಲ್ಲೂ ಒಂದು ಮನವಿ. ಸೆಮಿಸ್ಟರ್‌ನಲ್ಲಿ ಒಂದೇ ಒಂದು ಲ್ಯಾಬ್ ಇದಕ್ಕೆ ಕೊಡಿ. ವಿದ್ಯಾರ್ಥಿಗಳ ಲೆಕ್ಕ ಅರ್ಧ ದಾರಿಯಲ್ಲಿರುವಾಗ ನೀವೇ ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿಸಿ. ಕೊನೆಗೆ ಬಂದ ಉತ್ತರ, ತಡೆಯಿಲ್ಲದೆ ನಡೆದಾಗ ಬಂದ ಉತ್ತರಕ್ಕೆ ಕೊನೆಯ ಅಂಕಿಯವರೆಗೂ ಸರಿಹೊಂದಿದರೆ ಪೂರ್ತಿ ಅಂಕ ಕೊಡಿ.

ಇಂತಿ,
ನಿಮ್ಮ ಓದುಗ